ಮ್ಯಾರಥಾನಿನ ಕಡಲಾಮೆ ಆಸ್ಪತ್ರೆ

ಅಮೆರಿಕದ ಫ್ಲಾರಿಡಾ ರಾಜ್ಯದ ನೆಲ ಮುಗಿಯುವಲ್ಲಿಂದ ನೈಋತ್ಯಕ್ಕೆ ಬಾಗಿ, ಒಂದರ ಬಳಿಕ ಒಂದರಂತೆ ಸಾಲುಗೊಂಡಿರುವ ಕಿರುದ್ವೀಪಗಳ ಮಾಲೆಗೆ ಫ್ಲಾರಿಡಾ ಕೀಸ್ ಎಂದು ಹೆಸರು. ಈ ದ್ವೀಪಗಳ ಚರಿತ್ರೆಯನ್ನು ಯಾರಾದರೂ ಆಮೆಗಳ ಪಕ್ಷದಿಂದ ಬರೆಯಲು ಹೊರಟರೆ ಅದರ ಬಹುಭಾಗ ಕೊಲೆಯ ವೃತ್ತಾಂತವೇ ಆದೀತು. 1513ರಲ್ಲಿ ಸ್ಪೇನ್ ದೇಶದ ನಾವಿಕನಾದ ಪಾನ್ಸೆ ದೆ ಲೆಯಾನನ ಹಡಗಿನವರು ಮಾಲೆಯ ತುತ್ತತುದಿಯ ದ್ವೀಪಗಳಿಗೆ ಬಂದಿಳಿದು, ಮೊಟ್ಟೆಯಿಡಲು ಮರಳನ್ನೇರಿದ್ದ ಆಮೆಗಳನ್ನು ನೂರಕ್ಕೂ ಮಿಕ್ಕಿ ಹಿಡಿದು, ಆ ದ್ವೀಪಗಳಿಗೆ ಆಮೆಗಳ ಹೆಸರನ್ನೇ ಇಟ್ಟು ಹೋದರು. ಬೆನ್ನಡಿಯಾಗಿ ಮಗುಚಿಟ್ಟ ಆಮೆ ಅನ್ನನೀರುಗಳಿಲ್ಲದೆ ವಾರಗಟ್ಟಲೆ ಜೀವ ಹಿಡಿದುಕೊಂಡಿರುವುದರಿಂದ, ಮಾಂಸವನ್ನು ಕೆಡದಂತೆ ಇಡುವ ಉಪಾಯವಿಲ್ಲದ ಆ ಕಾಲದ ನಾವಿಕರಿಗೆ ಅದು ದೇವರೇ ಕರುಣಿಸಿದ ಉಗ್ರಾಣವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ತರುವಾಯದ ಶತಮಾನಗಳಲ್ಲಿ ಹಡಗಿನ ಊಟ ನಾಗರಿಕರ ಭೋಗವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮಾಲೆಯ ಪ್ರಧಾನ ಪಟ್ಟಣವಾದ ಕೀ ವೆಸ್ಟಿನಲ್ಲಿ ಹಸಿರು ಆಮೆಯ ಸಾರನ್ನು ಡಬ್ಬಿಗಳಲ್ಲಿ ತುಂಬಿ ಮಹಾನಗರಗಳಿಗೆ ಕಳುಹಿಸತಕ್ಕ ಕಾರ್ಖಾನೆಯೊಂದು ತಲೆಯೆತ್ತಿತು; ಸುತ್ತಲಿನ ನೀರಿನಲ್ಲಿ ಆಮೆಗಳು ತೀರಿದ ಮೇಲೆ ಕೇಮನ್ ದ್ವೀಪದ ಬೇಟೆಗಾರರು ನಿಕರಾಗುವದ ಕಡಲಿನಿಂದ ಅವುಗಳನ್ನು ಹಾಯಿಹಡಗುಗಳಲ್ಲಿ ಹೇರಿ ತಂದರು; ದಂಡೆಯ ಪಕ್ಕದಲ್ಲಿ ಗೂಟಗಳನ್ನು ನೆಟ್ಟು ಕಟ್ಟಿದ ನೀರುದೊಡ್ಡಿಗಳಲ್ಲಿ ಅವು ತಮ್ಮ ಸರದಿಗಾಗಿ ಕಾದಿದ್ದುವು. ಈ ವ್ಯಾಪಾರ ನಿಂತದ್ದು ಬಹಳ ಹಿಂದೇನೂ ಅಲ್ಲ. 1970ರ ದಶಕದ ಆರಂಭದಲ್ಲಿ.

ಅದೇ ದ್ವೀಪಮಾಲೆಯ ನಡುವೆ, ಮ್ಯಾರಥಾನ್ ಎಂಬ ಊರಿನಲ್ಲಿ, ಕಡಲಾಮೆಗಳಿಗೆಂದೇ ಮೀಸಲಾದ ಒಂದು ಆಸ್ಪತ್ರೆ 1986ರಿಂದ ನಡೆದು ಬಂದಿದೆ. ಮಯಾಮಿ ನಗರದಿಂದ ದಕ್ಷಿಣಕ್ಕೆ, ಸೇತುವೆಯಿಂದ ಸೇತುವೆಗೆ ನೆಗೆಯುತ್ತ ಹೋಗುವ ಹೆದ್ದಾರಿಯಲ್ಲಿ ಎರಡೂವರೆ ಗಂಟೆಯ ಪ್ರಯಾಣ. ಎಡಕ್ಕೆ ಅಟ್ಲಾಂಟಿಕ್ ಸಾಗರ, ಬಲಕ್ಕೆ ಮೆಕ್ಸಿಕೊ ಕೊಲ್ಲಿ, ಎರಡೂ ಕಡೆಯ ನೀರು ಸೂರ್ಯನ ಏರಿಳಿತಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತಿರುವುದರಿಂದ, ಸಾರಥ್ಯ ಮಾಡುವವರ ಹೊರತು ಉಳಿದವರಿಗೆ ದಾರಿ ಸವೆದದ್ದೇ ತಿಳಿಯುವುದಿಲ್ಲ. ಆಸ್ಪತ್ರೆಯ ಹೊರನೋಟದಲ್ಲಿ ಭವ್ಯವಾದದ್ದು ಏನೂ ಇಲ್ಲ. ರಸ್ತೆಯ ಬದಿಯ ಹಳೆಯ ಪ್ರವಾಸಿ ವಸತಿಗೃಹದಂತೆಯೇ ಕಾಣುತ್ತದೆ. ವಾಸ್ತವವಾಗಿ ಅದು ಮೊದಲು ವಸತಿಗೃಹವೇ ಆಗಿತ್ತು. ರಿಚಿ ಮೊರೆಟ್ಟಿ ಎಂಬಾತ ಅದನ್ನು ಕೊಂಡು, ಅಲ್ಲಿದ್ದ ಉಪ್ಪುನೀರಿನ ದೊಡ್ಡ ಕೊಳದಲ್ಲಿ ಬಂದವರ ವಿನೋದಕ್ಕಾಗಿ ಮೀನುಗಳನ್ನು ಬಿಟ್ಟಿದ್ದನಂತೆ. ಮೀನು ನೋಡಿದ ಮಕ್ಕಳು ಆಮೆಗಳೆಲ್ಲಿ ಎಂದು ಕೇಳತೊಡಗಿದರು. ಆಮೆಗಳನ್ನು ತರಬೇಕೆಂದರೆ ಕಾನೂನು ಅಡ್ಡ ಬಂದಿತು: ಅಳಿವಿನಂಚಿನ ಪ್ರಾಣಿಯನ್ನು ಪ್ರದರ್ಶನಕ್ಕೆಂದು ಇಟ್ಟುಕೊಳ್ಳುವ ಹಾಗಿಲ್ಲ, ಗಾಯಗೊಂಡದ್ದನ್ನು ಗುಣಪಡಿಸುವ ಹೊಣೆ ಹೊತ್ತರೆ ಮಾತ್ರ ಇಟ್ಟುಕೊಳ್ಳಬಹುದು. ಆತ ಹೊಣೆಯನ್ನೇ ಹೊತ್ತ. ಕೋಣೆಗಳ ಬಾಡಿಗೆಯಿಂದ ಬಂದ ಹಣ ಆಮೆಗಳ ಔಷಧಕ್ಕೆ ಹೋಯಿತು. ಕೆಲವು ವರ್ಷಗಳ ಮೇಲೆ ಪಕ್ಕದಲ್ಲಿದ್ದ, ಸಭ್ಯಗೃಹಸ್ಥರು ಹಗಲಿನಲ್ಲಿ ಹೆಸರು ಹೇಳಲು ಹಿಂಜರಿಯತಕ್ಕಂಥ ನರ್ತನಶಾಲೆಯೊಂದು ಮಾರಾಟಕ್ಕೆ ಬರಲು, ಅದನ್ನೂ ಕೊಂಡು ಶಸ್ತ್ರಚಿಕಿತ್ಸಾಲಯವನ್ನಾಗಿ ಮಾಡಿದ. 2005ರಲ್ಲಿ ವಿಲ್ಮಾ ಎಂಬ ಚಂಡಮಾರುತವು ಕಡಲನ್ನೇ ದ್ವೀಪದ ಮೇಲೆ ತಂದು ಸುರಿದಾಗ ವಸತಿಗೃಹ ನೀರುಪಾಲಾಯಿತು. ಅದನ್ನು ಮತ್ತೆ ಅತಿಥಿಗಳಿಗಾಗಿ ಸಜ್ಜುಗೊಳಿಸುವ ಬದಲು, ಜನರು ಬಂದು ಆಮೆಗಳ ವಿಷಯವನ್ನು ಅರಿತು ಹೋಗುವ ಶಿಕ್ಷಣಕೇಂದ್ರವನ್ನಾಗಿ ಪರಿವರ್ತಿಸಿದರು. ಈಗ ದರ್ಶನಕ್ಕೆ ಬರುವವರು ಕೊಡುವ ಶುಲ್ಕವೇ ಆಸ್ಪತ್ರೆಯ ಮುಖ್ಯ ಆಧಾರಗಳಲ್ಲೊಂದು. ಪುಣ್ಯಕಾರ್ಯಗಳೆಲ್ಲ ಶುದ್ಧ ಸಂಕಲ್ಪದಿಂದಲೇ ಹುಟ್ಟತಕ್ಕದ್ದೆಂದು ನಂಬುವವರಿಗೆ ಈ ಪೂರ್ವೋತ್ತರ ಕೊಂಚ ನಿರಾಶೆ ತರಬಹುದು. ನನಗಾದರೋ ಅದರಿಂದ ಸಂತೋಷವೇ ಆಯಿತು.

ಒಳಗೆ ಹೋದೊಡನೆ ಸಂದರ್ಶಕರನ್ನು ಮೊದಲು ಒಂದು ಕೋಣೆಯಲ್ಲಿ ಕುಳ್ಳಿರಿಸಿ ಕಡಲಾಮೆಯೆಂದರೆ ಯಾವ ಜೀವಿ ಎಂಬುದನ್ನು ತಿಳಿಸಿಕೊಡುತ್ತಾರೆ. ಇದು ಅನಾವಶ್ಯಕವಲ್ಲ. ಆಮೆಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕೆರೆಬಾವಿಗಳ ಆಮೆ. ಇಂದ್ರಿಯಗಳನ್ನು ವಿಷಯಗಳಿಂದ ಹಿಂದಕ್ಕೆಳೆದುಕೊಳ್ಳುವ ಸ್ಥಿತಪ್ರಜ್ಞನಿಗೆ ಭಗವದ್ಗೀತೆಯಲ್ಲಿ ಉಪಮಾನವಾಗಿರುವ ಕೂರ್ಮ. ಕಡಲಾಮೆಗೆ ಆ ಸೌಭಾಗ್ಯವಿಲ್ಲ. ಅದು ತಲೆಯನ್ನಾಗಲಿ ಕೈಕಾಲುಗಳನ್ನಾಗಲಿ ಚಿಪ್ಪಿನೊಳಕ್ಕೆ ಸೆಳೆದುಕೊಳ್ಳಲಾರದು. ವೇಗವಾಗಿ ಈಜುವುದಕ್ಕೆಂದು ಚಿಪ್ಪು ಚಪ್ಪಟೆಯಾಗಿ, ಮುಂಗಾಲುಗಳು ಹುಟ್ಟುಗಳಂತೆ ನೀಳವಾಗಿ ಬೆಳೆದುದಕ್ಕೆ ಅದು ತೆತ್ತ ಬೆಲೆ ಇದು. ಕೋಟ್ಯಂತರ ವರ್ಷಗಳಿಂದ ಕಡಲಿನಲ್ಲಿ ಬಾಳಿಕೊಂಡು ಬಂದಿದ್ದರೂ ನೀರಿನಲ್ಲಿ ಉಸಿರಾಡುವ ವಿದ್ಯೆ ಅದಕ್ಕೆ ಒಲಿಯಲಿಲ್ಲ. ಶ್ವಾಸಕ್ಕಾಗಿ ಮೇಲಕ್ಕೆ ಬರಲೇಬೇಕು. ಮೊಟ್ಟೆಯಿಡಲು ದಂಡೆಯನ್ನು ಏರಲೇಬೇಕು. ಹೆಣ್ಣಾಮೆ ಮರಳಿನಲ್ಲಿ ಗುಂಡಿ ತೋಡುವಾಗ ಅದರ ಕಣ್ಣಿನಿಂದ ನೀರು ಸುರಿಯುವುದನ್ನು ಕಂಡು ಪ್ರಸವವೇದನೆಯೆಂದು ಮರುಗಿದವರುಂಟು. ಕುಡಿದ ಕಡಲನೀರಿನ ಹೆಚ್ಚಿನ ಉಪ್ಪನ್ನು ಕಣ್ಣಿನ ಬಳಿಯ ಗ್ರಂಥಿಗಳಿಂದ ಅದು ಸದಾಕಾಲವೂ ಹೊರಹಾಕುತ್ತಿರುತ್ತದೆ, ನೀರಿನೊಳಗೆ ನಮಗೆ ಕಾಣುವುದಿಲ್ಲ ಅಷ್ಟೆ. ಮರಿ ಹೆಣ್ಣಾಗಬೇಕೋ ಗಂಡಾಗಬೇಕೋ ಎಂಬುದನ್ನು ನಿರ್ಣಯಿಸುವುದು ಮರಳಿನ ಉಷ್ಣತೆ. ಮರಳು ಬೆಚ್ಚಗಿದ್ದಷ್ಟೂ ಹೆಣ್ಣು ಹೆಚ್ಚು. ಆಸ್ಟ್ರೇಲಿಯದ ಮಹಾ ಹವಳದಿಬ್ಬದ ಉತ್ತರಭಾಗದ ಎಳೆಯ ಹಸಿರು ಆಮೆಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಹೆಣ್ಣೆಂದು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿದ ಮೇಲೆ, ಭೂಮಿ ಬಿಸಿಯಾಗುತ್ತಿರುವ ವಿಚಾರ ಆಮೆಗಳ ಮಟ್ಟಿಗೆ ಬರಲಿರುವ ಕಾಲದ ಭೀತಿಯಾಗಿ ಉಳಿದಿಲ್ಲ. ಜಗತ್ತಿನಲ್ಲಿರುವ ಏಳು ಜಾತಿಗಳಲ್ಲಿ ಐದು ಫ್ಲಾರಿಡಾದ ಕಡಲಿನಲ್ಲಿ ಸಿಕ್ಕುತ್ತವೆ. ನಮ್ಮ ದೇಶದ ಕಡಲಿನಲ್ಲೂ ಐದೇ, ಆದರೆ ಅವೇ ಐದಲ್ಲ. ಅಲ್ಲಿಯ ಕೆಂಪ್ಸ್ ರಿಡ್ಲಿ ಇಲ್ಲಿಲ್ಲ, ಇಲ್ಲಿಯ ಆಲಿವ್ ರಿಡ್ಲಿ ಅಲ್ಲಿ ನೆಲೆಸಿದ್ದಲ್ಲ.

ಅನಂತರ ಚಿಕಿತ್ಸೆಯ ಕೋಣೆಗಳು. ಮನುಷ್ಯರ ಆಸ್ಪತ್ರೆಯಲ್ಲಿರುವ ಕ್ಷಕಿರಣ ಯಂತ್ರ, ಅರಿವಳಿಕೆ ಕೊಡುವ ಸಲಕರಣೆ, ಮೇಲಿನಿಂದ ಬೆಳಕು ಚೆಲ್ಲುವ ದೀಪ, ಎಲ್ಲವೂ ಇಲ್ಲಿವೆ. ಮೇಜಿನ ಮೇಲೆ ಮಲಗುವವರು ಮಾತ್ರ ಬೇರೆ. ಗಂಟೆಗಟ್ಟಲೆ ಉಸಿರು ಬಿಗಿಹಿಡಿಯಬಲ್ಲ ಪ್ರಾಣಿಗೆ ಅರಿವಳಿಕೆ ಕೊಡುವುದು ಸುಲಭವಲ್ಲವೆಂದು ಅಲ್ಲಿ ಕೇಳಿ ತಿಳಿದೆ. ಪ್ರಜ್ಞೆ ತಪ್ಪಿದ ಆಮೆ ತಾನಾಗಿ ಉಸಿರಾಡುವುದನ್ನೇ ನಿಲ್ಲಿಸಿಬಿಡುತ್ತದೆಯಾದ್ದರಿಂದ ಗಂಟಲಿಗೆ ನಳಿಕೆಯಿಳಿಸಿ, ಅದು ಎಚ್ಚೆತ್ತು ಸ್ವತಃ ಉಸಿರೆಳೆಯುವ ವರೆಗೆ ಯಾರಾದರೂ ಅದರ ಪರವಾಗಿ ಉಸಿರಾಡಿಸುತ್ತಿರಬೇಕು. ತಣ್ಣನೆಯ ರಕ್ತದ ಪ್ರಾಣಿಯಾದುದರಿಂದ ಅದು ಎಚ್ಚರಗೊಳ್ಳುವುದೂ ನಿಧಾನ.

ಶಸ್ತ್ರಚಿಕಿತ್ಸೆಗೆ ಬರುವ ರೋಗಿಗಳಲ್ಲಿ ಹೆಚ್ಚಿನವು ಎಳೆವಯಸ್ಸಿನ ಹಸಿರು ಆಮೆಗಳು, ಅವುಗಳ ರೋಗ ಫೈಬ್ರೊಪ್ಯಾಪಿಲೊಮ ಎಂಬ ಗಂತಿ. ಕಣ್ಣಿನ ಅಂಚು, ಕತ್ತು, ಕಂಕುಳು, ಬಾಲದ ಬುಡ, ಹೀಗೆ ಚರ್ಮ ಮೆತ್ತಗಿರುವಲ್ಲೆಲ್ಲ ಹೂಕೋಸಿನ ಹೂವಿನಂಥ ಗೆಡ್ಡೆಗಳು ಗುಂಪುಗುಂಪಾಗಿ ಮೂಡುತ್ತವೆ. ಮೊದಲ ನೋಟಕ್ಕೆ ಅಸಹ್ಯವೆನಿಸುತ್ತದೆ. ಎರಡನೆಯ ನೋಟಕ್ಕೆ, ಆ ಗೆಡ್ಡೆಗಳ ನಡುವೆ ಮುಚ್ಚಿಹೋದ ಕಣ್ಣು ಕಂಡಾಗ, ಅಸಹ್ಯಪಟ್ಟದ್ದಕ್ಕೆ ನಾಚಿಕೆಯಾಗುತ್ತದೆ. ಎರಡು ಕಣ್ಣೂ ಮುಚ್ಚಿದ ಆಮೆ ಮೇಯಲಾರದು, ಹಡಗು ಬರುವುದನ್ನು ಕಾಣಲಾರದು. ಸೊರಗಿ ತೇಲತೊಡಗುತ್ತದೆ, ತೇಲತೊಡಗಿದ್ದನ್ನು ಯಾರಾದರೂ ಕಂಡರೆ ಅದರ ಪುಣ್ಯ. ಈ ವ್ಯಾಧಿಯನ್ನು ಶಾಸ್ತ್ರೀಯವಾಗಿ ಮೊದಲು ವರ್ಣಿಸಿದ್ದು 1938ರಲ್ಲಿ, ನ್ಯೂಯಾರ್ಕಿನ ಮತ್ಸ್ಯಾಲಯದಲ್ಲಿದ್ದ, ಇದೇ ಫ್ಲಾರಿಡಾದ ನೀರಿನಿಂದ ಒಯ್ದ ಆಮೆಯೊಂದರಲ್ಲಿ. ಆಗ ಅದು ಅಪೂರ್ವ ಸಂಗತಿಯಾಗಿತ್ತು. 1980ರ ದಶಕದಿಂದ ಈಚೆಗೆ ಹವಾಯಿಯಿಂದ ಮೊದಲುಗೊಂಡು ಬೆಚ್ಚನೆಯ ಕಡಲುಗಳಲ್ಲೆಲ್ಲ ವ್ಯಾಪಿಸಿಬಿಟ್ಟಿತು. ಹರ್ಪಿಸ್ ಜಾತಿಯ ಒಂದು ವೈರಾಣುವಿಗೂ ಈ ರೋಗಕ್ಕೂ ಸಂಬಂಧವಿದೆಯೆಂದು ಸಂಶೋಧಕರು ಗುರುತಿಸಿದ್ದಾರೆ. ಆಮೆಯ ಮೈಗೆ ಅಂಟಿಕೊಳ್ಳುವ ಕಡಲ ಜಿಗಣೆ ಅದನ್ನು ಹರಡುತ್ತಿರಬಹುದೆಂಬ ಶಂಕೆಯಿದೆ. ವೈರಾಣು ಮೈಯಲ್ಲಿದ್ದರೂ ರೋಗ ಕಾಣಿಸದ ಆಮೆಗಳು ಬೇಕಾದಷ್ಟಿರುವುದರಿಂದ, ಊರಿನ ಕೊಳಕುನೀರೂ ಹೊಲಗಳ ಗೊಬ್ಬರವೂ ಬಂದು ಸೇರುವ ಆಳವಿಲ್ಲದ ಕೊಲ್ಲಿಗಳಲ್ಲಿ ರೋಗ ಹೆಚ್ಚೆಂಬ ಅಂಶದ ಕಡೆಗೆ ಪಂಡಿತರ ದೃಷ್ಟಿ ಹೊರಳಿದೆ. ಗೆಡ್ಡೆಗಳನ್ನು ಲೇಸರ್ ಕಿರಣದಿಂದ ಕತ್ತರಿಸುತ್ತಾರೆ. ಕಿರಣವು ಕತ್ತರಿಸುತ್ತಲೇ ರಕ್ತನಾಳವನ್ನು ಮುಚ್ಚಿಬಿಡುವುದರಿಂದ ರಕ್ತಸ್ರಾವ ಕಡಿಮೆ. ಒಮ್ಮೆಗೇ ಎಲ್ಲವನ್ನೂ ತೆಗೆಯಲಾಗದು. ತೆಗೆದದ್ದು ಮತ್ತೆ ಬೆಳೆಯುವುದೂ ಉಂಟು. ಆದಕಾರಣ ಇಂಥ ರೋಗಿ ಹಲವು ತಿಂಗಳು, ಕೆಲವೊಮ್ಮೆ ವರ್ಷವೇ ಇಲ್ಲಿ ಉಳಿಯಬೇಕಾಗುತ್ತದೆ. ಶ್ವಾಸಕೋಶದಲ್ಲೋ ಮೂತ್ರಪಿಂಡದಲ್ಲೋ ಗೆಡ್ಡೆಯಿರುವುದು ಪರೀಕ್ಷೆಯಲ್ಲಿ ಕಂಡುಬಂದರೆ ಮಾಡತಕ್ಕದ್ದೇನೂ ಇರುವುದಿಲ್ಲ, ನೋವಿಲ್ಲದ ಸಾವನ್ನು ಕರುಣಿಸುವುದೊಂದರ ಹೊರತು.

ಹೊರಗಿನ ತೊಟ್ಟಿಗಳ ಸಾಲಿನಲ್ಲಿ ಉಳಿದ ರೋಗಿಗಳು. ಪ್ರತಿಯೊಂದು ಚಿಪ್ಪಿನ ಮೇಲೂ ಸಂಖ್ಯೆ ಬರೆದಿರುತ್ತದೆ. ಹೆಸರುಗಳೂ ಉಂಟು, ಕಾಪಾಡಿ ತಂದವರು ಇಟ್ಟ ಹೆಸರುಗಳು. ಮುಟ್ಟಬಾರದು, ತೊಟ್ಟಿಯ ಅಂಚಿಗೆ ಒರಗಬಾರದು ಎಂಬ ನಿಯಮವನ್ನು ಮಾರ್ಗದರ್ಶಕಿಯಾಗಿದ್ದ ಯುವತಿ ನಗುನಗುತ್ತಲೇ ಹೇಳಿದರೂ ಆ ನಗುವಿನಲ್ಲಿ ಸಡಿಲವೇನೂ ಇರಲಿಲ್ಲ. ಇಲ್ಲಿಯ ಕೇಸುಗಳನ್ನು ಕೇಳುತ್ತ ಹೋದಂತೆ ಅಪರಾಧಿಯ ಸ್ಥಾನದಲ್ಲಿ ಮತ್ತೆ ಮತ್ತೆ ನಾವೇ ಬಂದು ನಿಲ್ಲುತ್ತೇವೆ. ಬಿಸಾಡಿದ ಗಾಳದ ನೈಲಾನ್ ದಾರ ಮುಂಗಾಲಿಗೆ ಸುತ್ತಿಕೊಂಡು, ಆಮೆ ಈಜಿದಷ್ಟೂ ಬಿಗಿದು, ಎಲುಬಿನ ವರೆಗೆ ಕೊಯ್ದಿರುತ್ತದೆ. ಕಾಲನ್ನು ಉಳಿಸಲಾಗದಿದ್ದರೆ ತೆಗೆದುಬಿಡುತ್ತಾರೆ, ಮೂರೇ ಕಾಲಿನ ಆಮೆ ಕೆಲವು ವಾರಗಳಲ್ಲಿ ನೇರವಾಗಿ ಈಜುವುದನ್ನು ಕಲಿತು ಕಡಲಿಗೆ ಮರಳುತ್ತದೆ. ಕಡಲ ಹುಲ್ಲಿನ ಜೊತೆಗೆ ದಾರವನ್ನೋ ಪ್ಲಾಸ್ಟಿಕ್ಕಿನ ಹಾಳೆಯನ್ನೋ ನುಂಗಿದ ಆಮೆಯ ಕರುಳು ಕಟ್ಟಿಕೊಂಡು, ಒಳಗೆ ವಾಯು ತುಂಬಿ, ಅದು ಮುಳುಗಲಾರದೆ ತೇಲುತ್ತದೆ. ಇದಕ್ಕೆ ಮಾಡುವ ಚಿಕಿತ್ಸೆಯನ್ನು ಕೇಳಿ ನಮ್ಮ ಗುಂಪಿನಲ್ಲಿ ಭಾರತದವರಾದ ನಾವು ಮಾತ್ರ ನಕ್ಕೆವು: ಅಡಿಗೆಯ ಎಣ್ಣೆ, ಅದರೊಂದಿಗೆ ನಾರಿನ ಪುಡಿ. ಆ ದೇಶದಲ್ಲಿ ಮೆಟಮುಸಿಲ್ ಎಂಬ ಹೆಸರಿನ ಡಬ್ಬಿಯಲ್ಲಿ ಮಾರಾಟವಾಗುವ ಆ ಪುಡಿ ನಮ್ಮ ಇಸಬಗೋಲೇ ಹೊರತು ಬೇರೆಯಲ್ಲ. ಜಗತ್ತಿನ ಇಸಬಗೋಲಿನ ಬಹುಪಾಲು ಗುಜರಾತು ರಾಜಸ್ಥಾನಗಳ ಹೊಲಗಳಲ್ಲಿ ಬೆಳೆಯುತ್ತದೆ. ನಮ್ಮ ಮನೆಗಳ ಅಜ್ಜಂದಿರು ರಾತ್ರಿ ಮಲಗುವ ಮುನ್ನ ಬಿಸಿನೀರಿನಲ್ಲಿ ಕದಡಿ ಕುಡಿಯುವ ಅದೇ ಹೊಟ್ಟು ಏಳು ಕಡಲು ದಾಟಿ ಬಂದು ಹಸಿರು ಆಮೆಯ ಮಲಬದ್ಧತೆಯನ್ನು ನಿವಾರಿಸುತ್ತಿರುವುದು ಸ್ವದೇಶಾಭಿಮಾನಕ್ಕೆ ಸಾಕಷ್ಟು ಆಹಾರವಾಯಿತು.

ನಗೆ ಬಹಳ ಹೊತ್ತು ಉಳಿಯಲಿಲ್ಲ. ಮುಂದಿನ ಕೊಳದಲ್ಲಿದ್ದವು ಮೋಟಾರು ದೋಣಿಗಳು ಬಡಿದ ಆಮೆಗಳು. ದೋಣಿಯ ಪ್ರೊಪೆಲ್ಲರ್ ಚಿಪ್ಪನ್ನು ಸಮಾನಾಂತರವಾದ ಗೆರೆಗಳಲ್ಲಿ ಸೀಳಿರುವುದನ್ನು ಒಮ್ಮೆ ಕಂಡವರು ಮರೆಯಲಾರರು. ಚಿಪ್ಪೆಂಬುದು ಮೇಲೆ ಹೊದ್ದ ಕವಚವಲ್ಲ. ಬೆನ್ನೆಲುಬೂ ಪಕ್ಕೆಲುಬುಗಳೂ ಬೆಸೆದು ಆದ ಮೈಯ ಭಾಗ, ಅದರಲ್ಲಿ ರಕ್ತವೂ ನರವೂ ಉಂಟು. ಸೀಳು ಕೂಡಿಕೊಂಡ ಮೇಲೂ ಕೆಲವು ಆಮೆಗಳಿಗೆ ವಿಚಿತ್ರವಾದ ಶೇಷವೊಂದು ಉಳಿದುಬಿಡುತ್ತದೆ: ಗಾಯವಾದಾಗ ಒಳಹೊಕ್ಕ ಗಾಳಿ ಚಿಪ್ಪಿನ ಹಿಂಭಾಗದಡಿಯಲ್ಲಿ ಸೆರೆಯಾಗಿ, ಹಿಂಬದಿ ಮೇಲಕ್ಕೂ ತಲೆ ಕೆಳಕ್ಕೂ ಆಗಿ, ಅವು ಎಂದೆಂದಿಗೂ ತೇಲಿಕೊಂಡೇ ಇರುತ್ತವೆ. ಚಿಪ್ಪಿನ ಹಿಂದುಗಡೆ ತೂಕದ ಬಿಲ್ಲೆಗಳನ್ನು ಅಂಟಿಸಿ ಅವುಗಳನ್ನು ಸಮತೋಲಕ್ಕೆ ತರುತ್ತಾರೆ. ಚಿಪ್ಪಿನ ಹೊರಪದರ ಕಾಲಕಾಲಕ್ಕೆ ಕಳಚುವುದರಿಂದ ಬಿಲ್ಲೆಯೂ ಕಳಚುತ್ತದೆ, ಮತ್ತೆ ಅಂಟಿಸಬೇಕು. ಕಡಲಿನಲ್ಲಿ ಅಂಟಿಸುವವರು ಯಾರು? ಆದುದರಿಂದ ಇವು ಇಲ್ಲಿಯೋ ಬೇರೆ ಮತ್ಸ್ಯಾಲಯಗಳಲ್ಲಿಯೋ ಕೊನೆಯ ವರೆಗೆ ಇರತಕ್ಕ ನಿವಾಸಿಗಳು. ಹಿಂದೆ ವಸತಿಗೃಹದ ಅತಿಥಿಗಳು ನೋಡಿ ನಲಿಯುತ್ತಿದ್ದ ಕೊಳದಲ್ಲಿ ಅವು ಬೆನ್ನ ಮೇಲೆ ಭಾರ ಹೊತ್ತು ತಿರುಗಾಡುತ್ತಿದ್ದುವು. ಸಂದರ್ಶಕರು ಒಂದಿಷ್ಟು ಆಹಾರದ ಗುಳಿಗೆಗಳನ್ನು ಎಸೆಯಬಹುದು. ಮಕ್ಕಳಿಗೆ ಈ ಭಾಗವೇ ಅತ್ಯಂತ ಪ್ರಿಯ.

ಚಳಿಗಾಲದಲ್ಲಿ ಇನ್ನೊಂದು ಬಗೆಯ ರೋಗಿಗಳು ಬರುತ್ತವೆ, ಅವೂ ವಿಮಾನದಲ್ಲಿ. ಕಡಲನೀರು ಹತ್ತು ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದರೆ ಆಮೆಗಳು ಮರಗಟ್ಟಿ, ತೇಲಿ, ದಂಡೆಗೆ ಬಂದು ಬೀಳುತ್ತವೆ. ದೂರದ ಉತ್ತರದಲ್ಲಿ, ಮ್ಯಾಸಚೂಸೆಟ್ಸಿನ ಕೇಪ್ ಕಾಡ್ ಎಂಬಲ್ಲಿ ಹೀಗೆ ಸಿಕ್ಕಿದ ಎಳೆಯ ಕೆಂಪ್ಸ್ ರಿಡ್ಲಿಗಳನ್ನು ಖಾಸಗಿ ವಿಮಾನಗಳುಳ್ಳ ಸ್ವಯಂಸೇವಕರು ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗಳಲ್ಲಿಟ್ಟು ದಕ್ಷಿಣದ ಆಸ್ಪತ್ರೆಗಳಿಗೆ ತಂದು ಮುಟ್ಟಿಸುತ್ತಾರೆ. ಈ ಜಾತಿಗೆ ಹೆಸರು ಕೊಟ್ಟ ರಿಚರ್ಡ್ ಕೆಂಪ್ ಇದೇ ಕೀ ವೆಸ್ಟಿನವನು. ಅವನು ಕಳುಹಿಸಿದ ಮಾದರಿಯ ಆಧಾರದ ಮೇಲೆ 1880ರಲ್ಲಿ ವಿದ್ವಾಂಸರು ಇದನ್ನು ಬೇರೆ ಜಾತಿಯೆಂದು ವರ್ಣಿಸಿದರು. ಕಡಲಾಮೆಗಳಲ್ಲೆಲ್ಲ ಅತ್ಯಂತ ವಿರಳವಾದದ್ದೂ ಇದೇ.

ಎಲ್ಲವನ್ನೂ ನೋಡಿ ನೆರಳಿಗೆ ಬಂದು ಕುಳಿತಾಗ ನಮ್ಮೊಡನಿದ್ದ ಹಿರಿಯರೊಬ್ಬರು, ಮಗನ ಮನೆಗೆಂದು ಆ ದೇಶಕ್ಕೆ ಬಂದಿದ್ದ ನಿವೃತ್ತ ಉಪಾಧ್ಯಾಯರು, ಮೆಲ್ಲಗೆ ಕೇಳಿದರು: “ಅಲ್ರಿ, ಒಂದು ಆಮೆಗೆ ಒಂದು ವರ್ಷ ಔಷಧ, ಅನ್ನ, ಡಾಕ್ಟರು, ವಿಮಾನ. ಇಷ್ಟು ಖರ್ಚಿನಲ್ಲಿ ಕಡಲದಂಡೆಯಲ್ಲಿ ಸಾವಿರ ಮೊಟ್ಟೆ ಕಾಯಬಹುದಲ್ಲ?” ಪ್ರಶ್ನೆ ಕಟುವಾದದ್ದಾದರೂ ಅನ್ಯಾಯದ್ದಲ್ಲ. ಇದೇ ಪ್ರಶ್ನೆಯನ್ನು ಗಣಿತದ ಭಾಷೆಯಲ್ಲಿ ಕೇಳಿ ಉತ್ತರ ಪಡೆದವರಿದ್ದಾರೆ, ಆ ಉತ್ತರ ಸಾಮಾನ್ಯಬುದ್ಧಿಗೆ ತೋರುವುದಕ್ಕೆ ವಿರುದ್ಧವಾಗಿದೆ.

1987ರಲ್ಲಿ ಡೆಬೊರಾ ಕ್ರೌಸ್, ಲ್ಯಾರಿ ಕ್ರೌಡರ್, ಹಾಲ್ ಕ್ಯಾಸ್ವೆಲ್ ಎಂಬ ಮೂವರು ಸಂಶೋಧಕರು ಅಮೆರಿಕದ ಆಗ್ನೇಯ ತೀರದ ಲಾಗರ್‌ಹೆಡ್ ಜಾತಿಯ ಆಮೆಗಳ ಬಾಳನ್ನು ಹಂತಹಂತವಾಗಿ ವಿಂಗಡಿಸಿ ಲೆಕ್ಕ ಹಾಕಿದರು: ಮೊಟ್ಟೆ, ಮರಿ, ಎಳೆಯದು, ಬೆಳೆಯುತ್ತಿರುವುದು, ಪ್ರೌಢವಾದುದು, ಯಾವ ಹಂತದಲ್ಲಿ ಸಾವನ್ನು ತಗ್ಗಿಸಿದರೆ ಸಂತತಿ ಏರುತ್ತದೆ? ಮೊಟ್ಟೆಗಳೆಲ್ಲವನ್ನೂ, ಒಂದನ್ನೂ ಬಿಡದೆ, ಕಾಪಾಡಿದರೂ ಇಳಿಮುಖವಾದ ಸಂತತಿ ಇಳಿಯುತ್ತಲೇ ಹೋಗುತ್ತದೆಂದೂ, ಬೆಳೆದ ಎಳೆಯಾಮೆಗಳ ಸಾವನ್ನು ಸ್ವಲ್ಪ ಕಡಿಮೆ ಮಾಡಿದರೂ ಅದು ಏರತೊಡಗುತ್ತದೆಂದೂ ಆ ಲೆಕ್ಕದಿಂದ ಹೊರಬಿದ್ದಿತು. ಯೋಚಿಸಿದರೆ ಇದರಲ್ಲಿ ಮಾಯವೇನೂ ಇಲ್ಲ. ಲಾಗರ್‌ಹೆಡ್ ಪ್ರಾಯಕ್ಕೆ ಬರಲು ಇಪ್ಪತ್ತೈದು ಮೂವತ್ತು ವರ್ಷ ಬೇಕು. ಮರಳಿನಿಂದ ಹೊರಬಿದ್ದ ಮರಿಯನ್ನು ಏಡಿ, ಕಾಗೆ, ಮೀನು ಎಲ್ಲವೂ ತಿನ್ನುತ್ತವೆ. ಸಾವಿರಕ್ಕೊಂದು ಉಳಿದೀತು ಎಂಬುದು ವಾಡಿಕೆಯ ಮಾತು. ಆದರೆ ಆ ಒಂದು, ಹತ್ತಿಪ್ಪತ್ತು ವರ್ಷಗಳ ಅಪಾಯಗಳನ್ನು ದಾಟಿ ಬಂದ ಒಂದು, ಪ್ರಕೃತಿ ತನ್ನ ಬಂಡವಾಳವನ್ನೆಲ್ಲ ತೊಡಗಿಸಿ ಉಳಿಸಿಕೊಂಡ ಪ್ರಾಣಿ. ಅದನ್ನು ಕಳೆದುಕೊಂಡರೆ ಸಾವಿರ ಮೊಟ್ಟೆಗಳಿಂದ ಮತ್ತೆ ಮೊದಲುಮಾಡಬೇಕು. ಮ್ಯಾರಥಾನಿನ ತೊಟ್ಟಿಗಳಲ್ಲಿರುವವು ಬಹುಮಟ್ಟಿಗೆ ಈ ವಯಸ್ಸಿನವೇ. ಅಷ್ಟು ಮಾತ್ರದಿಂದ ಆಸ್ಪತ್ರೆಗಳು ಜಾತಿಯನ್ನು ಉದ್ಧರಿಸುತ್ತವೆಂದು ಹೇಳಿದರೆ ಅದು ಉತ್ಪ್ರೇಕ್ಷೆಯಾದೀತು. ಈ ಆಸ್ಪತ್ರೆ ಇದುವರೆಗೆ ಗುಣಪಡಿಸಿ ಕಡಲಿಗೆ ಬಿಟ್ಟ ಆಮೆಗಳ ಸಂಖ್ಯೆ ಕೆಲವು ಸಾವಿರಗಳು; ಮೀನುಬಲೆಗಳು ಕೊಂದವುಗಳ ಮುಂದೆ ಅದು ಏನೂ ಅಲ್ಲ. ಅಮೆರಿಕದ ಕಡಲಿನಲ್ಲಿ ಮನುಷ್ಯನ ಉಳಿದೆಲ್ಲ ವ್ಯವಹಾರಗಳೂ ಕೂಡಿ ಕೊಂದದ್ದಕ್ಕಿಂತ ಹೆಚ್ಚು ಆಮೆಗಳನ್ನು ಸೀಗಡಿ ಹಿಡಿಯುವ ಟ್ರಾಲ್ ಬಲೆಗಳೇ ಕೊಂದಿವೆಯೆಂದು ಆ ದೇಶದ ರಾಷ್ಟ್ರೀಯ ಸಂಶೋಧನಾ ಮಂಡಳಿ 1990ರಲ್ಲಿ ತೀರ್ಮಾನಿಸಿತು. ಕಡಲತಳವನ್ನು ಗುಡಿಸಿಕೊಂಡು ಗಂಟೆಗಟ್ಟಲೆ ಎಳೆಯುವ ಬಲೆಯೊಳಗೆ ಸಿಕ್ಕ ಆಮೆ ಉಸಿರಿಗೆ ಮೇಲೆ ಬರಲಾರದೆ ಮುಳುಗಿ ಸಾಯುತ್ತದೆ. ಇಂಥ ಸಾವು ಆಸ್ಪತ್ರೆಯ ವರೆಗೆ ಬರುವುದೇ ಇಲ್ಲ.

ಇದಕ್ಕೆ ಪರಿಹಾರ ಹೊಳೆದದ್ದು ಪಂಡಿತರಿಗಲ್ಲ, ಜಾರ್ಜಿಯಾ ರಾಜ್ಯದ ಸೀಗಡಿ ಬೆಸ್ತ ಸಿಂಕಿ ಬೂನನಿಗೆ, ಅದೂ ಆಮೆಯ ಚಿಂತೆಯಿಂದಲ್ಲ. ಬಲೆಗೆ ರಾಶಿರಾಶಿಯಾಗಿ ಬಂದು ತುಂಬುವ ಜೆಲ್ಲಿಮೀನುಗಳ ಕಾಟ ತಪ್ಪಿಸಲು ಅವನು ಬಲೆಯ ಕೊರಳಿನಲ್ಲಿ ಸರಳುಗಳ ಜಾಲರಿಯೊಂದನ್ನು ಓರೆಯಾಗಿ ಕೂಡಿಸಿದ. ಸಣ್ಣ ಸೀಗಡಿ ಸರಳುಗಳ ನಡುವೆ ನುಸುಳಿ ಹಿಂದಿನ ಚೀಲಕ್ಕೆ ಹೋಗುತ್ತದೆ, ದೊಡ್ಡದೆಲ್ಲ ಜಾಲರಿಯ ಮೇಲೆ ಜಾರಿ ಬಲೆಯಲ್ಲಿ ಕೊಯ್ದಿಟ್ಟ ಗಂಡಿಯಿಂದ ಹೊರಬೀಳುತ್ತದೆ. ಇದೇ ಮುಂದೆ ಟೆಡ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಸಾಧನ. ಸಿಕ್ಕಿದ ಆಮೆಗಳಲ್ಲಿ ನೂರಕ್ಕೆ ತೊಂಬತ್ತೇಳು ಪಾರಾಗುವಂತಿದ್ದರೆ ಮಾತ್ರ ಅಮೆರಿಕದ ಸರ್ಕಾರ ಟೆಡ್ಡಿನ ಮಾದರಿಗೆ ಒಪ್ಪಿಗೆ ಕೊಡುತ್ತದೆ. 1987ರಲ್ಲಿ ಅದನ್ನು ಕಡ್ಡಾಯಗೊಳಿಸುವ ನಿಯಮ ಬಂದಾಗ ಬೆಸ್ತರು ಸುಮ್ಮನೆ ಒಪ್ಪಲಿಲ್ಲ; 1989ರಲ್ಲಿ ಟೆಕ್ಸಾಸ್ ಮತ್ತು ಲೂಸಿಯಾನದ ಸೀಗಡಿ ದೋಣಿಗಳು ಬಂದರುಗಳ ಬಾಯಿಗೆ ಅಡ್ಡ ನಿಂತು ಹಡಗುಗಳನ್ನೇ ತಡೆದುವು. ನಿಯಮ ಉಳಿಯಿತು. ಮೆಕ್ಸಿಕೊದ ಒಂದೇ ಕಡಲತೀರದಲ್ಲಿ 1947ರಲ್ಲಿ ಒಂದು ದಿನಕ್ಕೆ ಸುಮಾರು ನಲವತ್ತು ಸಾವಿರ ಕೆಂಪ್ಸ್ ರಿಡ್ಲಿಗಳು ಮೊಟ್ಟೆಯಿಡಲು ಬಂದುದು ಚಲನಚಿತ್ರದಲ್ಲಿ ದಾಖಲಾಗಿದೆ. 1985ರ ಹೊತ್ತಿಗೆ ವರ್ಷವಿಡೀ ಸಿಕ್ಕ ಗೂಡುಗಳು ಏಳುನೂರರ ಆಸುಪಾಸು. ದಂಡೆಯಲ್ಲಿ ಕಾವಲೂ ಬಲೆಯಲ್ಲಿ ಟೆಡ್ಡೂ ಕೂಡಿದ ಮೇಲೆ, 2009ರ ವೇಳೆಗೆ ಗೂಡುಗಳು ಇಪ್ಪತ್ತು ಸಾವಿರದ ಮಟ್ಟಕ್ಕೆ ಏರಿದುವು. ಅನಂತರದ ವರ್ಷಗಳಲ್ಲಿ ಏರಿಳಿತವಿದ್ದರೂ ಜಾತಿ ಉಳಿಯಿತು.

ಈ ಟೆಡ್ಡಿನ ಕಥೆ ನಮ್ಮ ದೇಶದ ವರೆಗೂ ಬಂದಿದೆ. ಟೆಡ್ ಇಲ್ಲದ ಬಲೆಯಲ್ಲಿ ಹಿಡಿದ ಸೀಗಡಿಯನ್ನು ಕೊಳ್ಳುವುದಿಲ್ಲವೆಂಬ ಕಾನೂನನ್ನು ಅಮೆರಿಕ 1989ರಲ್ಲಿ ಮಾಡಿತು. ಅದನ್ನು ತಮ್ಮ ಮೇಲೂ ಹೇರಿದಾಗ ಭಾರತ, ಮಲೇಷಿಯ, ಪಾಕಿಸ್ತಾನ, ಥಾಯ್ಲೆಂಡ್ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಗೆ ದೂರಿತ್ತುವು. 1998ರ ತೀರ್ಪು ಎರಡೂ ಕಡೆಗೆ ಅರ್ಧರ್ಧ ಸಂತೋಷ ಕೊಡುವಂಥದು: ಆಮೆಯನ್ನು ಉಳಿಸುವ ಉದ್ದೇಶ ಸರಿ, ದೇಶದೇಶಗಳ ನಡುವೆ ಭೇದ ಮಾಡಿ ಅದನ್ನು ಜಾರಿಗೆ ತಂದ ರೀತಿ ತಪ್ಪು. ಅಮೆರಿಕ ರೀತಿಯನ್ನು ತಿದ್ದಿಕೊಂಡಿತು, ಕಾನೂನು ಉಳಿಯಿತು. 2019ರಿಂದ ಭಾರತದ ಕಡಲಿನಲ್ಲಿ ಹಿಡಿದ ಸೀಗಡಿಗೆ ಆ ದೇಶದ ಬಾಗಿಲು ಮುಚ್ಚಿತು. ಕೊಳಗಳಲ್ಲಿ ಸಾಕಿದ ಸೀಗಡಿಗೆ ಈ ನಿರ್ಬಂಧವಿಲ್ಲದ್ದರಿಂದ ವ್ಯಾಪಾರಿಗಳ ಕೂಗು ದೊಡ್ಡದಾಗಿ ಕೇಳಿಸಲಿಲ್ಲ.

ಇನ್ನು ನಮ್ಮದೇ ಕರಾವಳಿಯ ಕಾರವಾರ, ಹೊನ್ನಾವರ, ಕುಂದಾಪುರಗಳ ಮರಳದಂಡೆಗಳಿಗೆ ಡಿಸೆಂಬರಿನಿಂದ ಮಾರ್ಚಿಯ ವರೆಗೆ ಆಲಿವ್ ರಿಡ್ಲಿಗಳು ಮೊಟ್ಟೆಯಿಡಲು ಬರುತ್ತವೆ. ಒಡಿಶಾದ ಗಹಿರ್‌ಮಾತಾದಂತೆ ಲಕ್ಷಗಟ್ಟಲೆ ಅಲ್ಲ, ಒಂದೊಂದಾಗಿ, ರಾತ್ರಿ ಹೊತ್ತು. ಅರಣ್ಯ ಇಲಾಖೆಯವರೂ ಊರಿನ ಮೀನುಗಾರರೂ ಗೂಡುಗಳನ್ನು ಹುಡುಕಿ, ನಾಯಿನರಿಗಳು ಕೆದಕದಂತೆ ಬಲೆಯ ಬೇಲಿ ಹಾಕಿ, ಐವತ್ತು ದಿನಗಳ ಸುಮಾರಿಗೆ ಮರಿಗಳು ಹೊರಬಂದಾಗ ಕಡಲಿಗೆ ಬಿಡುತ್ತಾರೆ. ಅಂಗೈಯಲ್ಲಿ ಅಡಗುವ ಮರಿಗಳು ನೀರಿನತ್ತ ಓಡುವ ಚಿತ್ರ ಮರುದಿನ ಪತ್ರಿಕೆಗಳಲ್ಲಿ ಬರುತ್ತದೆ, ಅಧಿಕಾರಿಗಳೂ ಶಾಲೆಯ ಮಕ್ಕಳೂ ಹಿನ್ನೆಲೆಯಲ್ಲಿ. ಈ ಕೆಲಸವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮೊಟ್ಟೆ ಕದಿಯುತ್ತಿದ್ದ ಕೈಗಳೇ ಮೊಟ್ಟೆ ಕಾಯುವಂತಾದದ್ದು ಸಣ್ಣ ಸಾಧನೆಯಲ್ಲ. ಆದರೆ ಮೊಟ್ಟೆಯಿಂದಾಚೆಗೆ ನಮ್ಮ ಕಣ್ಣು ಹೋಗುವುದಿಲ್ಲವೆಂಬ ಸಂಶಯ ಮ್ಯಾರಥಾನಿನ ತೊಟ್ಟಿಗಳ ಮುಂದೆ ನಿಂತಾಗ ನನ್ನಲ್ಲಿ ಬಲವಾಯಿತು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದು ಜೂನ್ ಒಂದರಿಂದ ಜುಲೈ ಮುಗಿಯುವ ವರೆಗೆ, ಅರುವತ್ತೊಂದು ದಿನ. ಮೀನುಗಳ ಸಂತಾನಕಾಲವನ್ನೂ ಮಳೆಗಾಲದ ಕಡಲನ್ನೂ ಲೆಕ್ಕಿಸಿ ಗೊತ್ತುಮಾಡಿದ ಕಾಲ ಅದು. ಹೆಣ್ಣಾಮೆಗಳು ಮೊಟ್ಟೆ ಹೊತ್ತು ದಂಡೆಯ ಸಮೀಪಕ್ಕೆ ಬರುವ ತಿಂಗಳುಗಳಲ್ಲಿ ಮಲ್ಪೆ, ಗಂಗೊಳ್ಳಿ, ತದಡಿಗಳ ಟ್ರಾಲ್ ಬೋಟುಗಳೆಲ್ಲ ಕಡಲಿನಲ್ಲಿರುತ್ತವೆ.

ಹಾಗೆಂದು ಬೋಟಿನವರನ್ನು ದೂಷಿಸಿ ಕೈತೊಳೆದುಕೊಳ್ಳುವುದು ಸುಲಭ, ಅದೂ ಸರಿಯಲ್ಲ. ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬಲೆಗಳಿಗೆ ಹೊಂದುವ ಟೆಡ್ಡನ್ನು ರೂಪಿಸಿದೆ, ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಅದರ ವೆಚ್ಚಕ್ಕೆ ಸರ್ಕಾರದ ನೆರವೂ ಉಂಟು. ಆದರೆ ಅಮೆರಿಕದ ಸೀಗಡಿ ಬೆಸ್ತನಿಗೆ ಸೀಗಡಿಯ ಹೊರತು ಬಲೆಗೆ ಬಂದದ್ದೆಲ್ಲ ಕಸ. ಗಂಡಿಯಿಂದ ದೊಡ್ಡ ಮೀನು ಹೊರಬಿದ್ದರೆ ಅವನಿಗೆ ಅಷ್ಟಾಗಿ ನಷ್ಟವಿಲ್ಲ. ನಮ್ಮ ಬೋಟಿನವನ ಬಲೆಗೆ ಸೀಗಡಿಯೊಡನೆ ಬರುವ ಬೊಂಡಾಸು, ಬೂತಾಯಿಗಳಿಂದ ಹಿಡಿದು ಹೆಸರಿಲ್ಲದ ಸಣ್ಣಮೀನುಗಳ ತನಕ ಎಲ್ಲವೂ ಮಾರಾಟವಾಗುತ್ತವೆ, ಕೊನೆಗೆ ಉಳಿದದ್ದು ಮೀನೆಣ್ಣೆಯ ಕಾರ್ಖಾನೆಗೆ ಹೋಗುತ್ತದೆ. ಗಂಡಿಯಿಂದ ಜಾರಿಹೋಗುವ ಒಂದು ದೊಡ್ಡ ಮೀನಿನ ಬೆಲೆ ಅವನಿಗೆ ಒಂದು ದಿನದ ಡೀಸೆಲ್ಲಿನಷ್ಟಿರಬಹುದು. ಅಮೆರಿಕದ ನಿಯಮದಲ್ಲಿ ಜಾಲರಿಯ ಸರಳುಗಳ ನಡುವೆ ನಾಲ್ಕಂಗುಲಕ್ಕಿಂತ ಹೆಚ್ಚು ಅಂತರ ಕೂಡದು. ಆ ನಾಲ್ಕಂಗುಲ ನಮ್ಮ ಬಲೆಗೆ ಹೊಂದುತ್ತದೆಯೆ, ಹೊಂದದಿದ್ದರೆ ಎಷ್ಟಿರಬೇಕು, ಕಳೆದ ಮೀನಿನ ಲೆಕ್ಕವನ್ನು ಯಾರು ಹಿಡಿಯಬೇಕು ಎಂಬ ಚರ್ಚೆ ನಡೆಯಬೇಕಾದದ್ದು ಮಲ್ಪೆಯ ಧಕ್ಕೆಯಲ್ಲಿ, ಬಲೆ ಹೆಣೆಯುವವರ ಎದುರಿನಲ್ಲಿ. ಮರಿಗಳನ್ನು ಬಿಡುವ ಸಮಾರಂಭಕ್ಕೆ ಬರುವ ಅಧಿಕಾರಿಗಳು ಆ ದಿನವೂ ಬಂದು ಕುಳಿತರೆ ಒಳ್ಳೆಯದು.